ಲಿನೆಟ್‌ಳ ಮೊದಲ ಮನೆ

ಲಿನೆಟ್ ಕ್ಲೌಸ್ ನಮ್ಮ ಶಾಲೆಯ ಅಡುಗೆಮನೆಗೆ ತಟ್ಟೆ ತೊಳೆಯಲು ಸೇರಿದಾಗ ಅವಳಿಗೆ ಇನ್ನೂ ಮೂವತ್ತಾಗಿರಲಿಲ್ಲ. ಕೆಲಸಕ್ಕೆ ತೆಗೆದುಕೊಂಡವಳು ನಾನೇ. ಮೊದಲ ವಾರದಲ್ಲೇ ನನ್ನ ತಲೆ ಚಿಟ್ಟು ಹಿಡಿಸಿಬಿಟ್ಟಳು. ಎಲ್ಲದಕ್ಕೂ ಅವಳದೊಂದು 'ಸಾರಿ'. ನಾನು ಅವಳ ಕಾಲು ತುಳಿದರೂ ಅವಳದೇ ಸಾರಿ. ಕಸ್ಟರ್ಡಿನ ತಳ ನನ್ನಿಂದ ಹತ್ತಿದರೂ ಅವಳದೇ ಸಾರಿ. ಒಮ್ಮೆ ಫ್ರಿಜ್ಜಿಗೆ ಮೊಣಕೈ ತಗುಲಿಸಿಕೊಂಡು ಅದಕ್ಕೂ ಸಾರಿ ಹೇಳಿದ್ದು ಕಿವಿಗೆ ಬಿತ್ತು. "ಫ್ರಿಜ್ಜು ಕ್ಷಮಿಸಿದೆಯಂತೆ, ಈಗ ಕ್ಯಾರೆಟ್ ಹೆಚ್ಚು" ಎಂದು ಗದರಿದೆ. ಅದಕ್ಕೂ ಸಾರಿ ಅಂದಳು.

ಇಂಥ ಹೆಣ್ಣನ್ನು ಯಾರೋ ತಯಾರು ಮಾಡಿರಬೇಕು, ತಾನಾಗಿ ಹೀಗೆ ಯಾರೂ ಹುಟ್ಟುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ತಯಾರು ಮಾಡಿದವನ ಹೆಸರು ಕ್ರೇಗ್ ಮಾಚಿನ್. ಸ್ನಾನದ ಮನೆಯ ಟೈಲ್ಸ್ ಮಾರುತ್ತಿದ್ದ. ಹತ್ತೊಂಬತ್ತಕ್ಕೆ ಅವನನ್ನು ಮದುವೆಯಾಗಿ ಲಿನೆಟ್ ಮೂರು ವರ್ಷ ಬಾಳಿದಳು. ಆ ಮೂರು ವರ್ಷದ ಕತೆ ಆಲೂಗಡ್ಡೆ ಸುಲಿಯುವಾಗ ಒಂದೊಂದು ಚೂರಾಗಿ ಹೊರಬಂತು. ಅವನ ಬಾಯಿಂದ ಬರುವ ಮಾತೆಲ್ಲ 'ನನ್ನ ಮನೇಲಿ' ಎಂದೇ ಶುರುವಾಗುತ್ತಿತ್ತಂತೆ. ನನ್ನ ಮನೇಲಿ ಬಾಗಿಲು ಹಾಗೆ ದೂಡೋ ಹಾಗಿಲ್ಲ. ನನ್ನ ಮನೇಲಿ ನಿಮ್ಮಕ್ಕ ಕಾಲಿಡೋ ಹಾಗಿಲ್ಲ. ನನ್ನ ಮನೇಲಿ ನೀನು ಆ ಮುಖ ಇಟ್ಕೊಂಡು ಕೂರೋ ಹಾಗಿಲ್ಲ.

"ಹೊಡೀತಿದ್ನಾ?" ಎಂದು ಕೇಳಿದೆ.

"ತೀರಾ ಹೆಚ್ಚೇನಲ್ಲ."

ಆ 'ತೀರಾ' ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಲ್ಲಿಂದ ಬಂದಮೇಲೆ ಅವಳದೆಲ್ಲ ಬಾಡಿಗೆ ಕೋಣೆಯ ಬದುಕು. ನಮ್ಮ ಸ್ಟೋಕ್ ಊರಿನ ಮಾಲೀಕರು ಗೊತ್ತಲ್ಲ, ಬೂಷ್ಟು ಹಿಡಿದ ಗೋಡೆಗೆ ಬಿಳಿ ಬಣ್ಣ ಬಳಿದು ಬಾಡಿಗೆ ಏರಿಸುವ ಜಾತಿ. ಒಬ್ಬ ತನ್ನ ಕೀಲಿಯಿಂದ ಬಾಗಿಲು ತೆಗೆದು ಯಾವಾಗೆಂದರೆ ಆವಾಗ ಒಳಗೆ ಬರುತ್ತಿದ್ದ, ಬಾಯ್ಲರ್ ನೋಡುವ ನೆಪ. ಲಿನೆಟ್ ಸ್ನಾನಕ್ಕೆ ಹೋಗುವಾಗ ಕುರ್ಚಿಯನ್ನು ಬಾಗಿಲಿಗೆ ಒತ್ತಿಟ್ಟು ಹೋಗುತ್ತಿದ್ದಳು. ಅವಳಿಗೆ ಬೇಕಾಗಿದ್ದು ಬಂಗಲೆಯಲ್ಲ. ತನ್ನ ಹತ್ತಿರ ಮಾತ್ರ ಕೀಲಿ ಇರುವ ಒಂದು ಬಾಗಿಲು.

ಅದಕ್ಕಾಗಿಯೇ ಆ ಸರಕಾರಿ ಉಳಿತಾಯದ ಖಾತೆ ತೆರೆದಳು. ಜೀವನದಲ್ಲಿ ಮೊದಲ ಮನೆ ಕೊಳ್ಳುವವರಿಗೆಂದೇ ಇರುವ ಖಾತೆ. ನಾವು ನಾಲ್ಕು ಪೌಂಡ್ ಹಾಕಿದರೆ ಸರಕಾರ ತನ್ನದೊಂದು ಪೌಂಡ್ ಬೋನಸ್ ಸೇರಿಸುತ್ತದೆ. ನಲವತ್ತು ತುಂಬುವ ಮುಂಚೆ ತೆರೆಯಬೇಕಿತ್ತು, ಅವಳು ಹೇಗೋ ಆ ಬಸ್ಸು ಹಿಡಿದಳು. ಆಮೇಲೆ ಶನಿವಾರ ತಿನ್ನುವ ಓಟ್‌ಕೇಕಿನ ತೆಳು ರೊಟ್ಟಿಯೊಳಗಿಂದ ಬೇಕನ್ ಮಾಂಸ ಮಾಯವಾಯಿತು, ಉಳಿದದ್ದು ಬರೀ ಚೀಸ್. ನಾವೆಲ್ಲ ಬೇಸಿಗೆಗೆ ಸಮುದ್ರದ ಕಡೆ ಹೋದರೆ ಇವಳು ಸಂಜೆ ಕಚೇರಿಗಳ ನೆಲ ಒರೆಸಲು ಹೋದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಜಿಪುಣಿ ಎಂದು ನಾವು ಆಡಿಕೊಂಡೆವು, ಅವಳೂ ನಕ್ಕಳು.

ಕೊನೆಗೆ ಬರ್ಸ್ಲೆಮ್ ಕಡೆ ಒಂದು ಮನೆ ಸಿಕ್ಕಿತು. ಮೇಲೆರಡು ಕೆಳಗೆರಡು ಕೋಣೆ, ಹಿಂದೆ ಬಟ್ಟೆ ಒಣಗಿಸುವಷ್ಟು ಅಂಗಳ. ಮಾರುವವರು ಒಪ್ಪಿದರು, ಸಾಲಕ್ಕೆ ಬ್ಯಾಂಕೂ ಒಪ್ಪಿತು. ನಮ್ಮ ಅಡುಗೆಮನೆಯವರೆಲ್ಲ ಸೇರಿ ಕೇಕ್ ಮಾಡಿದೆವು. ಲಿನೆಟ್ ಕಿಟಕಿಯ ಅಳತೆ ಕೈಮೇಲೆ ಪೆನ್ನಲ್ಲಿ ಬರೆದುಕೊಂಡು ಪರದೆ ಬಟ್ಟೆ ನೋಡಲು ಹೋದಳು. ಆ ದಿನಗಳಲ್ಲಿ ಅವಳು ಸಾರಿ ಹೇಳುವುದು ಕಡಿಮೆಯಾಗಿತ್ತು ಎಂದರೆ ನೀವು ನಂಬಬೇಕು.

ಬೋನಸ್ ಸಮೇತ ಆ ಹಣ ಮನೆಗೆ ಸಿಗಬೇಕಾದರೆ, ಈಕೆ ಹಿಂದೆಂದೂ ಮನೆಯ ಒಡತಿಯಾಗಿರಲಿಲ್ಲ ಎಂದು ವಕೀಲರು ಬರೆದು ಕಳಿಸಬೇಕು. ವಕೀಲೆ ಮಿಸ್ ಅಖ್ತರ್ ಫೋನ್ ಮಾಡಿ ಬರಹೇಳಿದಾಗ ಲಿನೆಟ್ ನನ್ನನ್ನೂ ಜೊತೆಗೆ ಕರೆದಳು. ಸಹಿ ಹಾಕಿಸಿಕೊಳ್ಳಲು ಕರೆದಿದ್ದಾರೆ ಎಂದುಕೊಂಡು ಒಳ್ಳೆ ಬ್ಲೌಸ್ ಹಾಕಿಕೊಂಡು ಬಂದಿದ್ದಳು.

"ನೀವು ಯಾವತ್ತೂ ಸ್ವಂತ ಮನೆ ಹೊಂದಿರಲಿಲ್ಲ ಅಂದ್ರಿ," ಎಂದಳು ವಕೀಲೆ.

"ಇಲ್ಲಪ್ಪ. ನಂಗೆಲ್ಲಿಂದ ಬರ್ಬೇಕು."

"ಮಾಚಿನ್ ಅನ್ನೋ ಹೆಸ್ರಲ್ಲಿ, ನಿಮ್ಮ ಗಂಡನ ಜೊತೆ?"

"ಅದು ಅವರ ಮನೆ."

"ನೋಂದಣೀಲಿ ಇಬ್ರ ಹೆಸರೂ ಇದೆ. ಮೂರು ವರ್ಷ ಅದು ನಿಮ್ಮಿಬ್ಬರದೂ ಆಗಿತ್ತು."

ಲಿನೆಟ್ ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ನೆನಪಿಗೆ ಬಂತು. ಕ್ರೇಗನ ಸಂಬಳ ಒಂದನ್ನೇ ನಂಬಿ ಬ್ಯಾಂಕ್ ಸಾಲ ಕೊಡಲಿಲ್ಲ, ಬೇಕರಿಯಲ್ಲಿ ಇವಳಿಗೆ ಬರುತ್ತಿದ್ದ ಸಂಬಳವನ್ನೂ ತೋರಿಸಿದ್ದ. ಎಲ್ಲಿ ಸಹಿ ಹಾಕು ಅಂದನೋ ಅಲ್ಲಿ ಹಾಕಿದ್ದಳು. ಬೇರೆಯಾದ ಮೇಲೆ ಅವನು ಇನ್ನಷ್ಟು ಕಾಗದ ಕಳಿಸಿದ. ವಿಚ್ಛೇದನದ್ದೇ ಇರಬೇಕು ಎಂದು ಅದಕ್ಕೂ ಹಾಕಿದಳು. ಅದು ಅವಳ ಹೆಸರು ತೆಗೆಸುವ ಕಾಗದ. ಪ್ರತಿಯಾಗಿ ಒಂದು ಪೆನ್ನಿಯೂ ಬರಲಿಲ್ಲ.

"ಹಾಗಾದ್ರೆ ಬೋನಸ್?"

ಬೋನಸ್ ಇಲ್ಲ. ಅದೊಂದೇ ಆಗಿದ್ದರೆ ಪೀಡೆ ಹೋಯಿತು ಎನ್ನಬಹುದಿತ್ತು. ಮೊದಲ ಮನೆಯಲ್ಲದ ಬೇರೆ ಏನಕ್ಕಾದರೂ ಈಗ ಹಣ ತೆಗೆದರೆ ಸರಕಾರ ಒಟ್ಟು ಮೊತ್ತದಲ್ಲಿ ಕಾಲುಭಾಗ ಕಿತ್ತುಕೊಳ್ಳುತ್ತದೆ. ಅಂದರೆ ತಾನು ಕೊಟ್ಟದ್ದು ವಾಪಸ್, ಜೊತೆಗೆ ಅವಳು ನೆಲ ಒರೆಸಿ ಹಾಕಿದ್ದರಲ್ಲೂ ಒಂದು ಪಾಲು. ಅಷ್ಟು ಹೋದರೆ ಬ್ಯಾಂಕ್ ಕೇಳಿದ ಮುಂಗಡಕ್ಕೆ ಸಾಲದು. ಮನೆ ಕೈಬಿಟ್ಟ ಹಾಗೆಯೇ.

ಮಿಸ್ ಅಖ್ತರ್ ಕೆಟ್ಟವಳಲ್ಲ. ಕಾಗದಗಳನ್ನು ಇನ್ನೊಮ್ಮೆ ತಿರುವಿಹಾಕಿ, "ಒಂದು ದಾರಿ ಇದೆ. ಗ್ಯಾರಂಟಿ ಕೊಡಲ್ಲ," ಎಂದಳು. "ನಿಮ್ಮದು ಬರೀ ಹೆಸರಿಗೆ ಮಾತ್ರ ಇತ್ತು, ಮನೆ ಪೂರ್ತಿ ಅವರದೇ, ನಿಮಗೆ ಅದ್ರಲ್ಲಿ ಯಾವ ಪಾಲೂ ಇರ್ಲಿಲ್ಲ ಅಂತ ಅವ್ರು ಬರ್ಕೊಟ್ರೆ, ನಾನು ವಾದ ಮಾಡಿ ನೋಡ್ತೀನಿ."

ಹೊರಗೆ ಬಂದ ಲಿನೆಟ್ ನಗುತ್ತಿದ್ದಳು. "ಬರ್ಕೊಡ್ತಾನೆ ಬಿಡು. ದಿನಾ ಬಾಯಲ್ಲಿ ಹೇಳ್ತಿದ್ದ ಮಾತೇ ತಾನೆ. ಅದನ್ನೇ ಕಾಗದದ ಮೇಲೆ ಹಾಕಿದ್ರಾಯ್ತು."

ಆ ಭಾನುವಾರ ಇಬ್ಬರೂ ಕ್ರೇಗನ ಹತ್ತಿರ ಹೋದೆವು. ಅವನು ಇನ್ನೂ ಅದೇ ಮನೆಯಲ್ಲಿದ್ದ. ಹಿಂದುಗಡೆ ಗಾಜಿನ ಕೋಣೆ ಕಟ್ಟಿಸಿದ್ದ, ಶೆರಿಲ್ ಎಂಬ ಎರಡನೇ ಹೆಂಡತಿ ಇದ್ದಳು. ಅವನೀಗ ಮೈ ತುಂಬಿಕೊಂಡು, ಕನ್ನಡಕ ಹಾಕಿಕೊಂಡಿದ್ದ, ಎಲ್ಲೋ ಚರ್ಚಿನ ಲೆಕ್ಕಪತ್ರ ನೋಡುವವನ ಕಳೆ ಬಂದಿತ್ತು ಮುಖಕ್ಕೆ. ನಮ್ಮೂರಲ್ಲಿ ಗಂಡಸು ಹೆಂಗಸು ನಾಯಿ ಬೆಕ್ಕು ಎಲ್ಲರನ್ನೂ ಪ್ರೀತಿಯಿಂದ 'ಡಕ್' ಎನ್ನುತ್ತೇವೆ. ಆ ಮಾತು ಅಷ್ಟು ಹೊಲಸಾಗಿ ಕೇಳಿಸಿದ್ದು ನನಗೆ ಅವತ್ತೇ.

"ಬಾ ಡಕ್, ಒಳಗ್ ಬಾ. ಶೂ ಬಿಚ್ಚಿಬಿಡು, ಕಾರ್ಪೆಟ್ ಹೊಸದು. ಶೆರಿಲ್, ಟೀ ಇಡು."

ಲಿನೆಟ್ ಬರಿಗಾಲಲ್ಲಿ ಸೋಫಾದ ತುದಿಗೆ ಕೂತು ವಿಷಯ ಹೇಳಿದಳು. ಅವನು ವಕೀಲೆಯ ಪತ್ರ ತೆಗೆದುಕೊಂಡು ನಿಧಾನವಾಗಿ ಓದಿದ, ಮಡಚಿ ಮತ್ತೆ ಬಿಡಿಸಿ ಓದಿದ. ಸುಖಪಡುತ್ತಿದ್ದಾನೆ ಎಂದು ನನಗೆ ಆಗಲೇ ಗೊತ್ತಾಯಿತು.

"ಬರೀಬೋದಿತ್ತು," ಎಂದ. "ಆದ್ರೆ ಸುಳ್ಳಾಗತ್ತಲ್ಲ ಡಕ್. ಅರ್ಧ ನಿಂದೇ ಆಗಿತ್ತು. ಒಂದೊಂದ್ ಇಟ್ಟಿಗೇಲೂ ಅರ್ಧ."

"ನೀನು ನಿಂದು ಅಂತ ಹೇಳ್ತಿದ್ದೆ. ಯಾವಾಗ್ಲೂ."

"ಕೋಪದಲ್ಲಿ ಮನುಷ್ಯ ಏನೇನೋ ಹೇಳ್ತಾನೆ. ಕಾನೂನು ಬೇರೆ."

"ಒಂದ್ಸಲಾನೂ ಅರ್ಧ ನಂದು ಅಂತ ನೀನು ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಈ ಸತ್ಯವಂತ ಇಷ್ಟು ವರ್ಷ ಎಲ್ಲಿ ಮಲಗಿದ್ದ?" ಎಂದೆ.

"ನೀವ್ಯಾರು?"

"ಇವಳ ಜೊತೆ ಅಡುಗೆ ಮಾಡೋಳು."

"ಹಾಗಾದ್ರೆ ಅಡುಗೆ ನೋಡ್ಕೊಳ್ಳಿ. ಸರಕಾರಕ್ಕೆ ಟೋಪಿ ಹಾಕೋ ಕೆಲ್ಸಕ್ಕೆ ನಾನು ಸಹಿ ಹಾಕೋನಲ್ಲ." ಎದ್ದು ಬಿಸ್ಕತ್ತಿನ ತಟ್ಟೆಯನ್ನು ಲಿನೆಟ್ ಮುಂದೆ ಹಿಡಿದ. "ತಗೋ. ಎಂಥ ಮನೆ ಬಿಟ್ಟು ಹೋದೆ ನೋಡು. ನಿನ್ನ ಪಾಲಿಗೆ ಬಂದಿದ್ದನ್ನ ನೀನೇ ಉಳಿಸ್ಕೊಳ್ಳಲಿಲ್ಲ."

ಶೆರಿಲ್ ಕಿಸಕ್ಕನೆ ನಕ್ಕಳು. ಲಿನೆಟ್ ಬಿಸ್ಕತ್ತು ತೆಗೆದುಕೊಂಡಳು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, ಭಾನುವಾರ ತೊಂದರೆ ಕೊಟ್ಟೆ, ಸಾರಿ ಎಂದಳು. ಇಬ್ಬರಿಗೂ ಒಂದೊಂದು ಬಾರಿಸಬೇಕು ಅನ್ನಿಸಿತು ನನಗೆ, ಅವನಿಗೂ, ಇವಳಿಗೂ.

ಸುಳ್ಳು ಬರೆದು ಕಳಿಸಲು ಮಿಸ್ ಅಖ್ತರ್ ಒಪ್ಪಲಿಲ್ಲ, ಒಪ್ಪುವಂತೆಯೂ ಇರಲಿಲ್ಲ. ಬರ್ಸ್ಲೆಮ್ಮಿನ ಮನೆ ಬೇರೆಯವರ ಪಾಲಾಯಿತು. ಕೊಂಡವನು ಬಾಡಿಗೆಗೆ ಬಿಡುವವನು. ಒಂದು ತಿಂಗಳಲ್ಲೇ ಕಿಟಕಿಯಲ್ಲಿ ಬೋರ್ಡ್ ತೂಗಿತು, ಲಿನೆಟ್ ಕಟ್ಟಬೇಕಿದ್ದ ಸಾಲದ ಕಂತಿಗಿಂತ ಬಾಡಿಗೆಯೇ ಹೆಚ್ಚು. ಖಾತೆಯ ಹಣ ಅರವತ್ತು ತುಂಬುವವರೆಗೆ ಅಲ್ಲೇ ಬಿಟ್ಟರೆ ಏನೂ ಕಡಿತವಿಲ್ಲ ಎಂದು ಬ್ಯಾಂಕಿನವರು ಸಮಾಧಾನ ಹೇಳಿದರಂತೆ. ಅವಳಿಗೆ ಈಗ ನಲವತ್ತನಾಲ್ಕು. ಕೋಣೆಗೆ ಹೋಗಿ ಕುರ್ಚಿಯನ್ನು ಬಾಗಿಲಿಗೆ ಒತ್ತಿಟ್ಟು ಮಲಗುತ್ತಾಳೆ.

ಅದರ ಬಗ್ಗೆ ಅವಳು ಮತ್ತೆ ಮಾತೆತ್ತಿದ್ದು ಅಕ್ಟೋಬರ್ ರಜೆಗೆ ಮುಂಚೆ. ಶಾಲೆಯ ಮಕ್ಕಳಿಗೆ ಮಾಂಸದ ಪೈ ಮಾಡುವ ದಿನ. ಇಬ್ಬರೂ ಎದುರುಬದುರು ಕೂತು ಆಲೂಗಡ್ಡೆ ಸುಲಿಯುತ್ತಿದ್ದೆವು.

"ಅಂದ್ರೆ ಆಗ್ಲೂ ಅರ್ಧ ನಂದಾಗಿತ್ತು, ಅಲ್ವಾ?"

"ಹೂಂ. ಆಗಿತ್ತು."

"ನಾನು ಬಿಟ್ಟು ಬಂದಿದ್ದಲ್ಲ. ಗ್ರೇವಿ ಸೀದುಹೋಯ್ತು ಅಂತ ಅವನು ನನ್ನ ಆಚೆ ತಳ್ಳಿ ಚಿಲಕ ಹಾಕ್ದ. ಕೋಟು ಒಳಗೇ ಇತ್ತು, ಹಿಮ ಬೀಳ್ತಿತ್ತು. ಪಕ್ಕದ್ಮನೆಯವ್ರು ಫೋನ್ ಮಾಡಿದ್ರೋ ಏನೋ, ಇಬ್ರು ಪೊಲೀಸ್ನೋರು ಬಂದ್ರು. ಒಬ್ಳು ಹೆಂಗಸು. ಒಳ್ಳೇವ್ಳು. ಇದು ನಿಮ್ಮ ಮನೇನಾ ಡಕ್, ನಿಮ್ದಾದ್ರೆ ನಾವೇ ಬಾಗಿಲು ತೆಗೆಸಿ ಒಳಗ್ ಬಿಡ್ತೀವಿ, ಅಂತ ಕೇಳಿದ್ಲು."

ನನ್ನ ಚಾಕು ನಿಂತಿತು. "ನೀನೇನಂದೆ?"

"ಅಲ್ಲ ಅಂದೆ. ಎರಡ್ಸಲ ಕೇಳಿದ್ಲು. ನಂದಲ್ಲ, ಅವರದು ಅಂತ ನಾನೇ ಅವನ ಪರವಾಗಿ ಹೇಳ್ದೆ. ಆಮೇಲೆ ಅವರು ನನ್ನ ಕಾರಲ್ಲಿ ಕೂರಿಸ್ಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋದ್ರು."