ಪಿಳ್ಳಮ್ಮನ ‘ಆರ್ತದಾ’

ಯಲಹಂಕದ ಕಡೆಯಿಂದ ವಿಮಾನ ಏರಿದರೆ ಸಾಕು, ಹೆಬ್ಬಾಳದ ನಮ್ಮ ಲ್ಯಾಬಿನ ಗಾಜಿನ ಸ್ಲೈಡುಗಳು ಟ್ರೇಯಲ್ಲಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ನಿವೃತ್ತಿಯಾಗಿ ಇಷ್ಟು ದಿನವಾದರೂ ಆ ಸದ್ದು ಕಿವಿಯಲ್ಲಿದೆ. ಅಲ್ಲಿ ನಾನು ಸೀನಿಯರ್ ಪ್ಯಾಥಾಲಜಿಸ್ಟ್. ರೋಗಿಗಳ ಅಂಗಾಂಶ ಪರೀಕ್ಷಿಸುವುದು ಕೆಲಸ. ಕೊನೆಯ ವರ್ಷಗಳಲ್ಲಿ ಒಂದೇ ಪ್ರಶ್ನೆ ಬೆನ್ನು ಹತ್ತಿತ್ತು: ಬಾಯಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶ ಕುತ್ತಿಗೆಗೋ ಶ್ವಾಸಕೋಶಕ್ಕೋ ಹಾರಲು ಕಲಿಯುವುದು ಹೇಗೆ?

ಆರ್‌ಎನ್‌ಎ ಎಂದರೆ, ಪ್ರೋಟೀನ್ ತಯಾರಿಸಲು ಜೀವಕೋಶದೊಳಗೆ ಓಡಾಡುವ ಮೆಸೇಜ್. ಅದರ ಅಕ್ಷರಗಳು ಇದ್ದ ಹಾಗೇ ಇರುತ್ತವೆ; ಒಂದರ ಮೇಲೆ ಮೀಥೈಲ್ ಎಂಬ ಪುಟ್ಟ ಗುರುತು ಬಂದು ಕೂರುತ್ತದೆ, ಅಷ್ಟೆ. ಇದೇ ಮಾಡಿಫಿಕೇಶನ್. ಆಮೇಲೆ ಕೋಶ ಅದೇ ಮೆಸೇಜನ್ನು ಬೇರೆ ಥರ ಓದಿಕೊಂಡು, ಕೆಲವೊಮ್ಮೆ ಇದ್ದ ಜಾಗ ಬಿಟ್ಟು ಹೊರಡುವ ಶಕ್ತಿ ಪಡೆಯುತ್ತದೆ. ಹೌ ಫ್ಯಾಸಿನೇಟಿಂಗ್!

ಈ ಸಂಶೋಧನೆಗೆ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯ ಚೂರು ಬೇಕಿತ್ತು. ಹುಣಸಮಾರನಹಳ್ಳಿಯ ಪಿಳ್ಳಮ್ಮನವರನ್ನು ಲ್ಯಾಬಿಗೆ ಕರೆಸಿ ಅನುಮತಿ ಕೇಳಿದೆ. ಅವರ ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಇನ್ನೂ ಎಲ್ಲಿಗೂ ಹರಡಿರಲಿಲ್ಲ.

“ಕುಯ್ದ್ರೆ ಆರ್ತದಾ, ಡಾಕ್ಟ್ರಮ್ಮ?”

ಗಾಯ ಮಾಯುತ್ತದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು, “ಖಂಡಿತ ಆರುತ್ತೆ” ಎಂದೆ.

ಪಿಳ್ಳಮ್ಮ ಸೆರಗು ಕೊಡವಿ ಎದ್ದೇಬಿಟ್ಟರು. “ಅಂಗಾರೆ ಬ್ಯಾಡ. ಇದ್ದಂಗೇ ಇರ್ಲಿ.”

“ಯಾಕ್ರೀ? ಆರೋದು ಒಳ್ಳೇದಲ್ವಾ?”

“ಏನ್ ಒಳ್ಳೇದು? ಊರಾಗೆ ಎಲ್ರೂ ಅನ್ನಾದೂ ಅದೇಯ, ಕತ್ತಿ ಮುಟ್ಸಿದ್ರೆ ಆರ್ತದೆ ಅಂತ!”

ಅಷ್ಟರಲ್ಲಿ ಸ್ಲೈಡುಗಳು ಕಿಣಿಗುಟ್ಟಿದವು. ಪಿಳ್ಳಮ್ಮ ಕಿಟಕಿಯಾಚೆ ಏರುತ್ತಿದ್ದ ವಿಮಾನದತ್ತ ಕೈ ಚಾಚಿದರು. “ಅಗೋ, ಅಂಗೆ! ಇಲ್ಲಿಂದೆದ್ದು ಇನ್ನೆಲ್ಲಿಗೋ!”

ಓ, ಹಾರ್ತದೆ! ಕಾನ್ವೆಂಟಿನಲ್ಲಿ ಹೌಸ್ ಅನ್ನು ಔಸ್ ಅಂದರೆ ಸಿಸ್ಟರ್ ಗದರುತ್ತಿದ್ದರು. ‘ಹ’ ಬಿಟ್ಟೇ ಮಾತಾಡುವ ಊರು ನಮ್ಮ ಲ್ಯಾಬಿನ ರಸ್ತೆಯಲ್ಲೇ ಇದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಒಂದು ಅಕ್ಷರದ ಗುರುತು ಕಳಚಿ, ಅವರ ಹರಡುವುದು ನನ್ನ ಕಿವಿಯಲ್ಲಿ ಮಾಯುವುದಾಗಿತ್ತು. ಕೋಶದೊಳಗೆ ನಾನು ಹುಡುಕುತ್ತಿದ್ದುದೂ ಇದನ್ನೇ ಅಲ್ಲವೇ!

“ಅಯ್ಯೋ, ಗಾಯ ಮಾಯುತ್ತೆ ಅಂದಿದ್ದು ಕಣ್ರೀ! ಹಾರೋಕ್ ಮುಂಚೆ ತೆಗೀಬೇಕು ಅಂತಾನೇ ಆಪರೇಷನ್.”

“ಅಂಗನ್ನಿ ಮತ್ತೆ! ಇಷ್ಟೊಂದು ಓದಿದ್ದೀರ, ನೆಟ್ಗೆ ಮಾತಾಡಕ್ ಬರಾಕಿಲ್ವಾ?” ಎನ್ನುತ್ತ ಮತ್ತೆ ಕುಳಿತರು.

ಆಪರೇಷನ್ ಆಯಿತು. ಗೆಡ್ಡೆಯ ಆರ್‌ಎನ್‌ಎಯಲ್ಲಿ ಆ ಗುರುತು ಸಿಕ್ಕಿತು. ಒಂದು ಚೂರಿನಿಂದ ಏನೂ ಸಾಬೀತಾಗುವುದಿಲ್ಲ, ಆ ಮಾತು ಬೇರೆ. ನನಗೆ ದಕ್ಕಿದ ಪಾಠವೆಂದರೆ, ಮೆಸೇಜ್ ಸರಿಯಿದ್ದರೆ ಸಾಲದು, ಅದು ತಲುಪಿದ ಕಡೆ ಹೇಗೆ ಓದಿಕೊಂಡರು ಎಂದು ಕೇಳಬೇಕು.

ಪಿಳ್ಳಮ್ಮನವರನ್ನು ಕಡೆಯ ಸಲ ಕಂಡದ್ದು ನನ್ನ ನಿವೃತ್ತಿಯ ವಾರ, ಚೆಕಪ್ ಮುಗಿಸಿ ಗೇಟಿನ ಬಳಿ ನಿಂತಿದ್ದಾಗ. ನೆತ್ತಿಯ ಮೇಲೆ ವಿಮಾನ ಗುಡುಗಿತು. ಅದು ಮರೆಯಾಗುವವರೆಗೂ ನೋಡಿ, ಕೆನ್ನೆ ಸವರಿಕೊಂಡು ನಕ್ಕರು.

“ಅದೂ ಆರ್ತು, ಇದೂ ಆರ್ತು.”