ಅರೆಕಾಲಿನ ಲೆಕ್ಕ

ಮೊನ್ನೆ ಮೊಮ್ಮಗಳು ಸೀಮೆಸುಣ್ಣದ ಡಬ್ಬಿ ಬಿಚ್ಚಿದಳು. ಆ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ, ನಾವು ಬಾಡಿಗೆಗೆ ಕೊಟ್ಟ ಕೋಣೆಯಲ್ಲಿದ್ದ ಲೆಕ್ಕದ ಟೀಚರಮ್ಮ ನೆನಪಾದರು...

ಬಿಳಿಚೋಡಿನ ನಮ್ಮ ಮನೆಯ ಪಡಸಾಲೆಯಲ್ಲೇ ಅವರ ಸಂಜೆಪಾಠ. ಹಲಗೆ ಇರಲಿಲ್ಲ, ಕಲ್ಲು ಹಾಸಿದ ನೆಲದ ಮೇಲೆ ಬರೆಯುತ್ತಿದ್ದರು. ನನ್ನ ಮಗಳು, ಓಣಿಯ ನಾಲ್ಕು ಹುಡುಗಿಯರು ಸುತ್ತ ಕೂರುತ್ತಿದ್ದರು. ನಾನು ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಕಿವಿ ಅಲ್ಲೇ ಇಟ್ಟಿರುತ್ತಿದ್ದೆ. ನನಗೆ ಹೆಸರು ಗೀಚುವಷ್ಟೇ ಬರುತ್ತಿತ್ತು. ಆ ಲೆಕ್ಕ ಕಲಿಯುವ ಆಸೆ ಮಾತ್ರ ಹೊಟ್ಟೆ ತುಂಬ ಇತ್ತು. ಯಾರಿಗೂ ಹೇಳಿರಲಿಲ್ಲ.

ಅಂಕಿಯ ತಲೆ ಮೇಲೊಂದು ಪುಟ್ಟ ಅಂಕಿ, ಅದರ ಮುಂದೆ ಮೈನಸ್ಸಿನ ಕಡ್ಡಿ. ಕಡ್ಡಿ ಕಂಡರೆ ಸಾಕು, ಕುರಿ ಸಾಕುವ ನಮ್ಮ ಮನೆಗಳ ಹುಡುಗಿಯರು ಕುರಿ ಸತ್ತವೆಂದೇ ಕಳೆದುಬಿಡುತ್ತಿದ್ದರು. ಟೀಚರಮ್ಮ ಬೇಸರಪಡದೆ ಮತ್ತೆ ಮತ್ತೆ ಹೇಳುತ್ತಿದ್ದರು: "ತಲೆ ಮೇಲೆ ಕಡ್ಡಿ ಬಂದ್ರೆ ಕುರಿ ಸತ್ತಿಲ್ಲ, ಪಾಲಾಗೈತೆ."

ಒಂದು ಸಂಜೆ ಎರಡು ಬರೆದು, ಅದರ ತಲೆ ಮೇಲೆ ಮೈನಸ್ ಮೂರು ಇಟ್ಟರು. ನನ್ನ ಮಗಳು ಮೈನಸ್ ಎಂಟು ಎಂದು ಬರೆದಳು. ನನಗೆ ತಡೆಯಲಾಗಲಿಲ್ಲ.

"ಎಂಟು ಕುರಿ ಯಾಕೆ ಸಾಯಿಸ್ತೀಯೆ? ಒಂದನ್ನ ಮೂರು ಸಲ ಎರಡೆರಡು ಪಾಲು ಮಾಡು. ಅರ್ಧ, ಕಾಲು, ಅರೆಕಾಲು."

ಅರೆಕಾಲು ಎಂಬ ಮಾತನ್ನೇ ಕೇಳದ ಹುಡುಗಿಯರು ಕಿಸಕ್ಕನೆ ನಕ್ಕರು. ಟೀಚರಮ್ಮ ನಗಲಿಲ್ಲ. ಅರೆಕಾಲೆಂದರೆ ಎಂಟರಲ್ಲೊಂದು ಪಾಲು, ಅದೇ ಉತ್ತರ ಎಂದು ಹುಡುಗಿಯರಿಗೆ ಹೇಳಿ, ಸೀಮೆಸುಣ್ಣದ ತುಂಡನ್ನು ನನ್ನ ಕಡೆ ಚಾಚಿದರು.

"ಬರ್ರಿ ಅಕ್ಕ, ಇದನ್ನ ನೀವೇ ಬರೀರಿ."

ಹೇಳಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಮಗಳ ಮುಂದೆ ಹೆಂಗೆ ಒಪ್ಪಿಕೊಳ್ಳಲಿ...

"ಕೈ ಮಣ್ಣಾಗೈತೆ. ನಾಳೆ ನೋಡಾನ" ಎಂದೆ.

ಅವರು ಆ ತುಂಡನ್ನು ಗೋಡೆಯ ಗೂಡಿನಲ್ಲಿಟ್ಟರು. ನಾನು ಕೈ ತೊಳೆದುಕೊಂಡ ದಿನ ಬರೆಯಬೇಕಂತೆ, ಅಲ್ಲಿವರೆಗೆ ಯಾರೂ ಮುಟ್ಟಬಾರದಂತೆ. ದಿನಾ ಸಂಜೆ ಒಮ್ಮೆ ಗೂಡನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ನಾನು ದಿನಾ ಏನಾದರೊಂದು ಕೆಲಸ ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಬೇಸಿಗೆಗೆ ಅವರಿಗೆ ವರ್ಗವಾಯಿತು. ಜಗಳೂರಿನ ಬಸ್ಸು ಹತ್ತುವಾಗಲೂ ಗೂಡಿನ ಮಾತೇ ಆಡಿದರು. ಹೂಂ ಎಂದೆ.

ಆಮೇಲೆ ಮಗಳ ಹಳೆ ಪುಸ್ತಕ ನೋಡಿ, ಗೀಚಿ ಗೀಚಿ ಕಲಿತೆ. ಮೇಲೆ ಒಂದು, ನಡುವೆ ಗೀಟು, ಕೆಳಗೆ ಎಂಟು. ತೋರಿಸೋಣವೆಂದರೆ ಅಷ್ಟರಲ್ಲಿ ಅವರು ಯಾವ ಊರು ಸೇರಿದ್ದರೋ... ಹೋದ ವರ್ಷ ತೀರಿಕೊಂಡರಂತೆ, ಮಗಳು ಹೇಳಿದಳು.

ಮೊನ್ನೆ ಮೊಮ್ಮಗಳ ಡಬ್ಬಿಯಿಂದ ಒಂದು ತುಂಡೆತ್ತಿ ಅದೇ ನೆಲದ ಮೇಲೆ ಬರೆದೆ. ಸರಿಯಾಗಿದೆ ಎಂದಳು. ಅವಳು ಹೇಳಿದರೆ ಏನು ಬಂತು?

ಅವತ್ತು ನನ್ನ ಕೈ ಅಷ್ಟೇನೂ ಮಣ್ಣಾಗಿರಲಿಲ್ಲ.