ಹದಿನೇಳು ದಿನದ ಗಂಜಿತಿಳಿ

ಮೂರು ಮಕ್ಕಳನ್ನು ಸಾಕಿದವಳಿಗೆ ಹೊಟ್ಟೆ ಕೆಟ್ಟ ಮಗುವನ್ನು ನೋಡಿಕೊಳ್ಳಲು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಮಗಳು ಕಾಪುವಿನ ನಮ್ಮ ಮನೆಯಿಂದ ಕಾರ್ಕಳದ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾಳೆ. ಅವಳ ಒಂದೂವರೆ ವರ್ಷದ ಮಗ ಹಗಲೆಲ್ಲ ನನ್ನ ಪಾಲಿಗೆ.

ಅವನಿಗೆ ವಾಂತಿಭೇದಿ ಹಿಡಿಯಿತು. ವಾಂತಿ ಮೂರು ದಿನಕ್ಕೆ ನಿಂತಿತು, ಭೇದಿ ನಿಲ್ಲಲಿಲ್ಲ. ಊರಿನ ಡಾಕ್ಟರು ಓಆರ್‌ಎಸ್ ಪೊಟ್ಟಣ ಕೊಟ್ಟು, ಊಟ ಮಾತ್ರ ನಿಲ್ಲಿಸಬೇಡಿ ಎಂದಿದ್ದರು. ನಿನ್ನೆ ಮೊನ್ನೆ ಓದಿ ಬಂದವರಿಗೆ ಏನು ಗೊತ್ತು ಎಂದು ನಾನು ಮೂಗು ಮುರಿದೆ. ಕೆಟ್ಟ ಹೊಟ್ಟೆಗೆ ವಿಶ್ರಾಂತಿ ಬೇಕು ಎನ್ನುವುದು ನನ್ನ ಅತ್ತೆ ಕಲಿಸಿದ ಪಾಠ. ಅನ್ನ, ಮೊಟ್ಟೆ, ಹಾಲು ಎಲ್ಲ ಬಂದ್. ಕುಚ್ಚಲಕ್ಕಿ ಗಂಜಿ ಬೇಯಿಸಿ, ಬಸಿದು, ಬರೀ ತಿಳಿಗೆ ಉಪ್ಪು ಹಾಕಿ ಕುಡಿಸಿದೆ.

ಮಗಳು ಅನುಮಾನಪಟ್ಟಾಗ, "ನಿನ್ನನ್ನು ಸಾಕಿದ್ದೂ ಹೀಗೆಯೇ ಅಲ್ವಾ?" ಎಂದು ಬಾಯಿ ಮುಚ್ಚಿಸಿದೆ.

ಹದಿನೇಳನೆಯ ದಿನ ಸ್ನಾನ ಮಾಡಿಸಿ ನಿಲ್ಲಿಸಿದರೆ ಸೊಂಟದ ಬೆಳ್ಳಿಯ ನೇವಳ ಸರ್ರನೆ ಜಾರಿ ಮೊಣಕಾಲಿಗೆ ಬಂತು. ತಿಂಗಳ ಹಿಂದೆ ಅದು ಬಿಗಿಯಾಯಿತೆಂದು ನಾನೇ ಕೊಂಡಿ ಸಡಿಲಿಸಿದ್ದೆ. ಮಗಳು ರಜೆ ಹಾಕಿದಳು, ಮಗುವನ್ನು ಎತ್ತಿಕೊಂಡು ಮಣಿಪಾಲಕ್ಕೆ ಓಡಿದೆವು.

ಅಲ್ಲಿಯ ಡಾಕ್ಟರಮ್ಮ ಮಗುವಿನ ತೊಡೆಯ ಜೋಲು ಚರ್ಮ ಹಿಡಿದು ನೋಡಿ ಕೇಳಿದರು: "ಊಟಕ್ಕೆ ಎಂತ ಕೊಡ್ತೀರಿ?"

"ಗಂಜಿ," ಎಂದೆ.

"ಅಗಳು ಸಮೇತವಾ?"

"ಇಲ್ಲ, ತಿಳಿ ಮಾತ್ರ."

"ಹಾಗಾದರೆ ಅಗಳು ಎಲ್ಲಿ ಹೋಗ್ತದೆ?"

ಮಗಳ ಮುಖ ನೋಡಲಾರದೆ ಹೇಳಿದೆ: "ಅದನ್ನು ನಾನು ಉಣ್ತೇನೆ."

ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಸೋಂಕಿನಿಂದ ಕರುಳಿನ ಒಳಪದರ ಹಾಳಾಗಿದೆ, ಅದು ಮತ್ತೆ ಬೆಳೆಯಲು ಊಟವೇ ಬೇಕು, ಉಪವಾಸ ಕೆಡವಿದರೆ ಭೇದಿ ನಿಲ್ಲುವುದು ಹೇಗೆ ಎಂದರು, ಅಷ್ಟೇ. ಹದಿನೇಳು ದಿನ ಉಪ್ಪಿನಕಾಯಿ ನಂಜಿಕೊಂಡು ಮೊಮ್ಮಗನ ಊಟವನ್ನು ಉಂಡವಳು ನಾನು. ನೆಲ ಬಿರಿಯಬಾರದೇ ಅನಿಸಿತು.

ವಾರ್ಡಿನಲ್ಲಿ ಅನ್ನ, ಹೆಸರುಬೇಳೆ ನುರಿದು ಎಣ್ಣೆ ಹಾಕಿದ ಬಟ್ಟಲು ಬಂತು. ನಾನು ಕೈ ಚಾಚಿದೆ, ಮಗಳು ಕೊಡಲಿಲ್ಲ. ತಾನೇ ಉಣಿಸಲು ಕುಳಿತಳು. ಮೊದಲ ತುತ್ತಿಗೇ ಮಗು ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದು ಚಮಚವನ್ನು ಬಾಯಿಗೆ ಎಳೆದುಕೊಂಡಿತು.

"ಇಷ್ಟು ದಿನ ಇವನು ಅಳ್ತಾ ಇದ್ದದ್ದು ಹಸಿವೆಗೆ ಅಮ್ಮ," ಎಂದಳು ಮಗಳು.

ನಾನು ಹೊಟ್ಟೆನೋವು ಎಂದುಕೊಂಡು ಹೊಕ್ಕುಳಿಗೆ ಇಂಗು ತೇದು ಹಚ್ಚುತ್ತಿದ್ದೆ.